ಹಾಲು ಬಂತಾ?

ಒಬ್ಬರು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬಹುಕಾಲ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತರಾದವರು. ಇನ್ನೊಬ್ಬಳು ಅವರ ಅಕ್ಕನ ಮಗಳು, ಬೆಂಗಳೂರಿನಲ್ಲಿ ಕೆಲಸದಲ್ಲಿರುವವಳು. ಮೊದಲ ಹೆರಿಗೆ ಸಿಸೇರಿಯನ್. ಈಗ ಎರಡನೆಯದಕ್ಕೆ ಏಳು ತುಂಬಿದೆ, ಇದೂ ಸಿಸೇರಿಯನ್ನೇ ಎಂದು ಡಾಕ್ಟರು ಹೇಳಿಯಾಗಿದೆ. ಮೊದಲ ಮಗುವಿಗೆ ಎದೆಹಾಲಿನ ಜೊತೆ ಡಬ್ಬದ ಹಾಲು ಸೇರಿಕೊಂಡು, ಕೊನೆಗೆ ಡಬ್ಬದ ಹಾಲೊಂದೇ ಉಳಿದಿತ್ತು. ಈ ಸಲ ಹೇಗೆ ಎಂಬಲ್ಲಿಂದ ಇಬ್ಬರ ಮಾತು ಶುರುವಾಯಿತು. ನಮ್ಮ ಮನೆಗಳಲ್ಲಿ ಈ ಮಾತು ಸಾಮಾನ್ಯವಾಗಿ ಮಗು ಹುಟ್ಟಿ, ಅತ್ತು, ಎಲ್ಲರೂ ಗಾಬರಿಯಾದ ಮೇಲೆ ನಡೆಯುತ್ತದೆ. ಬಸಿರಿನಲ್ಲೇ ನಡೆಯಬೇಕಾದ ಮಾತಿದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕಿರಿಯಾಕೆ: ಚಿಕ್ಕಮ್ಮ, ಒಂದು ವಿಷಯ ಮೊದಲೇ ಹೇಳಿಬಿಡ್ತೀನಿ. ಆಸ್ಪತ್ರೆಗೆ ತಗೊಂಡು ಹೋಗೋ ಬ್ಯಾಗಲ್ಲಿ ಒಂದು ಹಾಲಿನ ಪುಡಿ ಡಬ್ಬ ಇಡ್ತೀನಿ. ಬೇಡ ಅನ್ನಬೇಡಿ.

ಹಿರಿಯಾಕೆ: ಹೆರೋಕ್ಕೆ ಇನ್ನೂ ಎರಡು ತಿಂಗಳಿದೆ, ಆಗಲೇ ಹಾಲು ಬರಲ್ಲ ಅಂತ ತೀರ್ಮಾನ ಮಾಡಿಬಿಟ್ಟೆಯಾ?

ಕಿರಿಯಾಕೆ: ಹೋದ ಸಲ ಬರಲಿಲ್ಲವಲ್ಲ.

ಹಿರಿಯಾಕೆ: ಬರಲಿಲ್ಲ ಅಂತ ಯಾರು ಹೇಳಿದ್ದು?

ಕಿರಿಯಾಕೆ: ನೋಡೋಕೆ ಬಂದವರೆಲ್ಲ. ಆಪರೇಷನ್ ಆದ ಮಧ್ಯಾಹ್ನದಿಂದಲೇ ಒಬ್ಬೊಬ್ಬರೂ ಕೇಳಿದ್ದು ಒಂದೇ ಮಾತು, ‘ಹಾಲು ಬಂತಾ?’ ನನಗೆ ಸೊಂಟದಿಂದ ಕೆಳಗೆ ಇನ್ನೂ ಜೋಮು ಬಿಟ್ಟಿರಲಿಲ್ಲ. ಎಡಗೈಗೆ ಡ್ರಿಪ್ಪು, ಸೂಜಿ ಮೇಲೆ ಟೇಪು, ಮಂಚದ ಪಕ್ಕ ಮೂತ್ರದ ಚೀಲ. ಮಗುನ ತಂದು ಕೊಟ್ಟರು. ಯಾವ ಕೈಯಲ್ಲಿ ಹಿಡೀಲಿ? ಎಡಗೈ ಮೇಲೆ ತಲೆ ಇಟ್ಟರೆ ಸೂಜಿ ಒತ್ತುತ್ತೆ, ಹೊಟ್ಟೆ ಮೇಲೆ ಮಲಗಿಸಿಕೊಂಡರೆ ಕಾಲು ಹೊಲಿಗೆಗೆ ಒದೆಯುತ್ತೆ. ಒಂದೆರಡು ಸಲ ಬಾಯಿ ಹಾಕಿ ಕಿರುಚಿತು. ‘ಪಾಪ, ಎದೆ ಖಾಲಿ’ ಅಂತ ಯಾರೋ ಅಂದರು. ನರ್ಸು ಬಾಟಲಿ ತಂದರು. ಅಲ್ಲಿಗೆ ಮುಗೀತು.

ಹಿರಿಯಾಕೆ: ಎದೆ ಖಾಲಿ ಇರಲಿಲ್ಲ ಕಣೇ. ಮೊದಲ ದಿನ ಧಾರೆ ಹರಿಯೋ ಹಾಗೆ ಯಾರಿಗೂ ಬರಲ್ಲ, ನಾರ್ಮಲ್ ಆದವರಿಗೂ ಬರಲ್ಲ. ಇರೋದು ಗಿಣ್ಣು ಹಾಲು. ಬಸಿರಿನ ನಡುವಿನ ತಿಂಗಳುಗಳಿಂದಲೇ ಅದು ಎದೆಯಲ್ಲಿ ತಯಾರಾಗಿರುತ್ತೆ. ಹಳದಿ ಬಣ್ಣ, ಅಂಟಂಟು, ಬೆರಳಿಗೆ ಹತ್ತಿದರೆ ಜಾರಲ್ಲ. ಮೊದಲ ದಿನ ಮಗು ಒಂದು ಸಲಕ್ಕೆ ಕುಡಿಯೋದೇ 2ರಿಂದ 10 ಎಂ.ಎಲ್. ಅಂದರೆ ಅರ್ಧ ಚಮಚದಿಂದ ಎರಡು ಚಮಚ. ಬಾಟಲಿಯಲ್ಲಿ 30 ಎಂ.ಎಲ್ ಕುಡಿದು ನಿದ್ದೆ ಹೋದ ಮಗುನ ನೋಡಿ ‘ನೋಡು, ಈಗ ಹೊಟ್ಟೆ ತುಂಬಿತು’ ಅಂತಾರೆ. ತುಂಬಿದ್ದು ಅಲ್ಲ, ಮಿತಿ ಮೀರಿದ್ದು.

ಕಿರಿಯಾಕೆ: ಇದನ್ನ ಆವತ್ತು ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ಅಳು ಕೇಳ್ತಾ ಸುಮ್ಮನಿರೋದು ನನ್ನಿಂದ ಆಗ್ತಿತ್ತಾ, ಗೊತ್ತಿಲ್ಲ. ಹಾಗಾದರೆ ಸಿಸೇರಿಯನ್ನಿಗೂ ನಾರ್ಮಲ್ಲಿಗೂ ಏನೂ ವ್ಯತ್ಯಾಸ ಇಲ್ಲ ಅಂತೀರಾ?

ಹಿರಿಯಾಕೆ: ಇದೆ, ಯಾಕೆ ಸುಳ್ಳು ಹೇಳಲಿ. ಮಾಸು ಹೊರಗೆ ಬಂದ ಕೂಡಲೇ ಮೈಯಲ್ಲಿ ಪ್ರೊಜೆಸ್ಟಿರೋನ್ ಇಳಿಯುತ್ತೆ, ಹಾಲು ಉಕ್ಕೋದಕ್ಕೆ ಅದೇ ಸೂಚನೆ. ಮಾಸು ಕೆಳಗಿಂದ ಬಂದರೂ ಹೊಟ್ಟೆ ಕುಯ್ದು ತೆಗೆದರೂ ಆ ಸೂಚನೆ ಒಂದೇ. ಸಾಮಾನ್ಯವಾಗಿ ಎರಡನೇ ದಿನದಿಂದ ಮೂರನೇ ದಿನದೊಳಗೆ ಹಾಲು ಇಳಿಯುತ್ತೆ. ಸಿಸೇರಿಯನ್ ಆದವರಲ್ಲಿ ಎಷ್ಟೋ ಜನಕ್ಕೆ ಮೂರು ದಿನ ದಾಟುತ್ತೆ. ನೋವೇ ಬರದೆ ದಿನ ಗೊತ್ತುಮಾಡಿ ಮಾಡಿದ ಆಪರೇಷನ್, ರಕ್ತ ಜಾಸ್ತಿ ಹೋಗಿರೋದು, ತಾಯಿ ಒಂದು ಕಡೆ ಮಗು ಒಂದು ಕಡೆ ಇರೋದು, ಎಲ್ಲ ಸೇರಿ ತಡ ಮಾಡುತ್ತೆ. ಹೊಲಿಗೆ ನೋವಿದ್ದರೆ ಆಕ್ಸಿಟೋಸಿನ್ ಸರಿಯಾಗಿ ಕೆಲಸ ಮಾಡಲ್ಲ; ಎದೆಯಲ್ಲಿ ಹಾಲಿದ್ದರೂ ಹೊರಗೆ ಬಿಡಲ್ಲ.

ಕಿರಿಯಾಕೆ: ಅಮ್ಮ ನೋವಿನ ಮಾತ್ರೆ ತಗೊಳ್ಳೋಕೆ ಬಿಡಲಿಲ್ಲ. ಹಾಲಲ್ಲಿ ಮಗುಗೆ ಹೋಗುತ್ತೆ ಅಂತ.

ಹಿರಿಯಾಕೆ: ಅಯ್ಯೋ, ಅಕ್ಕ ಹಾಗೆ ಮಾಡಿದಳಾ? ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲು ಕುಡಿಸೋ ತಾಯಿ ಧಾರಾಳವಾಗಿ ತಗೋಬಹುದು. ಹಾಲಿಗೆ ಹೋಗೋದು ತೀರಾ ಕಡಿಮೆ. ನೋವು ಸಹಿಸಿಕೊಂಡು ಕೂತರೆ ಮಗುಗೇನೂ ಲಾಭ ಇಲ್ಲ, ನೆಟ್ಟಗೆ ಕೂತು ಹಿಡಿಯೋಕೂ ಆಗಲ್ಲ.

ಕಿರಿಯಾಕೆ: ನೀವು ಇದನ್ನೆಲ್ಲ ಈಗ ಇಷ್ಟು ಬಿಡಿಸಿ ಹೇಳ್ತೀರ. ಆಸ್ಪತ್ರೆ ಗೋಡೆ ಮೇಲೆ ಬರೆದಿರೋದು ಒಂದೇ ಸಾಲು: ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು. ಆ ಒಂದು ಗಂಟೆ ನಾನೆಲ್ಲಿದ್ದೆ? ಟೇಬಲ್ ಮೇಲೆ. ಹೊಲಿಗೆ ಹಾಕ್ತಿದ್ದರು. ಮಗು ನರ್ಸರಿಯಲ್ಲಿತ್ತು. ವಾರ್ಡಿಗೆ ಬಂದು ಆ ಬೋರ್ಡು ಓದಿದಾಗ ಪರೀಕ್ಷೆ ಮುಗಿದ ಮೇಲೆ ಹಾಲ್‌ಗೆ ಬಂದ ಹಾಗಾಯ್ತು.

ಇಲ್ಲಿ ಕೆಲವು ಅಂಕಿಗಳನ್ನು ನಾನು ಸೇರಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ 88.6 ಆಸ್ಪತ್ರೆಗಳಲ್ಲೇ ಆಗಿವೆ. ಆದರೂ ಮೊದಲ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳು ಶೇ 41.8 ಮಾತ್ರ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ಶೇ 21.5, ಕರ್ನಾಟಕದಲ್ಲಿ ಶೇ 31.5. ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ 14.3 ಇರುವುದು ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂದಿದೆ, ಡಾಕ್ಟರು ನರ್ಸು ಎಲ್ಲ ಪಕ್ಕದಲ್ಲೇ ಇದ್ದಾರೆ, ಮೊದಲ ಹಾಲು ಮಾತ್ರ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ. ಇದನ್ನು ತಾಯಂದಿರ ಮನಸ್ಸಿನ ಕೊರತೆ ಎನ್ನುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಹಿರಿಯಾಕೆ: ಆ ಒಂದು ಗಂಟೆ ನಿನ್ನದೂ ಆಗಬಹುದಿತ್ತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಆಪರೇಷನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತೆ. ಮಗು ಚೆನ್ನಾಗಿ ಅತ್ತು ಉಸಿರಾಡ್ತಿದ್ದರೆ ಒರೆಸಿ, ಬರಿ ಮೈಯಲ್ಲೇ ತಾಯಿ ಎದೆ ಮೇಲೆ ಅಡ್ಡಡ್ಡ ಮಲಗಿಸಿ ಮೇಲೆ ಬಟ್ಟೆ ಹೊದಿಸಬಹುದು. ಕೆಳಗೆ ಡಾಕ್ಟರು ಹೊಲಿಗೆ ಹಾಕ್ತಿರಲಿ, ಮಗು ಮೇಲೆ ತಾನೇ ಹುಡುಕಿಕೊಂಡು ಬಾಯಿ ಹಾಕುತ್ತೆ. ಅದಕ್ಕೆ ಬೇಕಾಗಿರೋದು ಮಗುನ ಹಿಡಿದು ನಿಲ್ಲೋಕೆ ಒಬ್ಬ ಸಿಸ್ಟರ್. ಅಷ್ಟೇ.

ಕಿರಿಯಾಕೆ: ಆ ಒಬ್ಬ ಸಿಸ್ಟರ್ ಇರಲಿಲ್ಲ. ಅದಕ್ಕೆ ಬೈಸಿಕೊಂಡವಳು ನಾನು. ಎಲ್ಲರೂ ತಾಯಿಗೆ ಬುದ್ಧಿ ಹೇಳ್ತಾರೆ ಚಿಕ್ಕಮ್ಮ. ಆಸ್ಪತ್ರೆಗೆ ಯಾರು ಹೇಳ್ತಾರೆ?

ಹಿರಿಯಾಕೆ: ಹೇಳಿದಾರೆ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಸೇರಿ 1989ರಲ್ಲೇ ಆಸ್ಪತ್ರೆಗಳು ಏನೇನು ಮಾಡಬೇಕು ಅಂತ ಹತ್ತು ಹೆಜ್ಜೆ ಬರೆದರು. ನಮ್ಮ ಸರ್ಕಾರ 2016ರಲ್ಲಿ ‘ಮಾ’ ಅಂತ ಕಾರ್ಯಕ್ರಮ ತಂತು. ಕಾಗದದಲ್ಲಿ ಕೊರತೆ ಇಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಸಿಸ್ಟರ್ ಇದ್ದರೆ ಒಬ್ಬೊಬ್ಬ ಬಾಣಂತಿ ಪಕ್ಕ ಅರ್ಧ ಗಂಟೆ ಕೂರೋದು ಹೇಗೆ? ಆ ಕಷ್ಟ ನಾನು ಬಲ್ಲೆ. ಆದರೆ ಅದಕ್ಕೆ ಬಾಟಲಿ ಉತ್ತರ ಅಲ್ಲ. ನಿನಗೆ ಬಾಟಲಿ ತಂದುಕೊಟ್ಟ ಆಸ್ಪತ್ರೆಯಲ್ಲಿ ಡಬ್ಬದ ಹಾಲಿನ ಕಂಪನಿ ಪೋಸ್ಟರ್ ಏನಾದರೂ ಇತ್ತಾ?

ಕಿರಿಯಾಕೆ: ನೆನಪಿಲ್ಲ. ಯಾಕೆ?

ಹಿರಿಯಾಕೆ: ಇರಕೂಡದು. 1992ರ ಕಾಯ್ದೆ ಇದೆ, 2003ರಲ್ಲಿ ಇನ್ನೂ ಬಿಗಿ ಮಾಡಿದರು. ಡಬ್ಬದ ಹಾಲಿಗೆ, ಬಾಟಲಿಗೆ ಜಾಹೀರಾತು ಹಾಕೋ ಹಾಗಿಲ್ಲ, ತಾಯಂದಿರಿಗೆ ಸ್ಯಾಂಪಲ್ ಹಂಚೋ ಹಾಗಿಲ್ಲ, ಆಸ್ಪತ್ರೆಯೊಳಗೆ ಪ್ರಚಾರ ಮಾಡೋ ಹಾಗಿಲ್ಲ. ಸುಮ್ಮನೆ ತಂದ ಕಾಯ್ದೆಯಲ್ಲ ಅದು. ನಮ್ಮ ವಾರ್ಡಿಗೆ ಬರ್ತಿದ್ದವರನ್ನ ನೀನು ನೋಡಿಲ್ಲ. ಒಂದು ಡಬ್ಬ ತಿಂಗಳು ಪೂರ್ತಿ ಬರಲಿ ಅಂತ ಒಂದಕ್ಕೆ ಎರಡು ನೀರು ಹಾಕಿ ಕುಡಿಸೋರು. ಬಾಟಲಿ ಕುದಿಸೋಕೆ ಸೌದೆ ಎಲ್ಲಿಂದ ತರಬೇಕು? ಭೇದಿ ಹತ್ತಿ, ಮುಖ ಒಣಗಿದ ಕೂಸನ್ನ ಸೆರಗಲ್ಲಿ ಸುತ್ತಿಕೊಂಡು ಬರೋರು. ಡಬ್ಬ ನೋಡಿದರೆ ನನಗೆ ಆ ಮುಖಗಳು ನೆನಪಾಗುತ್ತೆ.

ಕಿರಿಯಾಕೆ: ಒಪ್ತೀನಿ. ಆದರೆ ನನ್ನ ಮನೆಯಲ್ಲಿ ಶುದ್ಧ ನೀರಿದೆ, ಅಳತೆ ಚಮಚ ಇದೆ. ಆ ತಾಯಂದಿರಿಗೆ ಹೇಳಬೇಕಾದ್ದನ್ನೇ ನನಗೂ ಹೇಳಿದರೆ ಹೇಗೆ? ಇನ್ನೊಂದು ಕಡೆಯ ಕಥೆಯನ್ನೂ ಕೇಳಿ. ನಮ್ಮ ಆಫೀಸಲ್ಲಿ ಒಬ್ಬಳಿಗೆ ಸಿಸೇರಿಯನ್. ಎದೆಹಾಲು ಬಿಟ್ಟು ಒಂದು ತೊಟ್ಟೂ ಕೊಡಲ್ಲ ಅಂತ ಹಟ ಹಿಡಿದಳು. ಮಗು ಅಳೋದು ನಿಲ್ಲಿಸಿ ಮಲಗಿಬಿಟ್ಟಿತು. ‘ಎಷ್ಟು ಒಳ್ಳೆ ಮಗು’ ಅಂತ ಎಲ್ಲರೂ ಮೆಚ್ಚಿಕೊಂಡರು. ಮನೆಗೆ ಬಂದ ಮೇಲೆ ನೋಡಿದರೆ ಮೈಯೆಲ್ಲ ಹಳದಿ, ತೂಕ ಬಿದ್ದುಹೋಗಿದೆ. ವಾಪಸ್ ಅಡ್ಮಿಟ್. ಅವಳು ಈಗಲೂ ಅದನ್ನ ನೆನೆಸಿಕೊಂಡರೆ ಅಳ್ತಾಳೆ.

ಹಿರಿಯಾಕೆ: ಅದು ಆಗುತ್ತೆ. ಅಳದ ಮಗು ಹೊಟ್ಟೆ ತುಂಬಿದ ಮಗು ಅಲ್ಲ, ಎಷ್ಟೋ ಸಲ ಅಳೋಕೂ ತ್ರಾಣ ಇಲ್ಲದ ಮಗು. ಅದಕ್ಕೇ ಬಟ್ಟೆ ನೋಡಬೇಕು ಅನ್ನೋದು. ಮೊದಲ ದಿನ ಒಂದು ಸಲ, ಎರಡನೇ ದಿನ ಎರಡು ಸಲ, ಹಾಗೇ ಏರ್ತಾ ಐದಾರನೇ ದಿನದ ಹೊತ್ತಿಗೆ ದಿನಕ್ಕೆ ಕನಿಷ್ಠ ಆರು ಸಲ ಒದ್ದೆ ಆಗಬೇಕು. ಕಪ್ಪು ಮಲ ಹೋಗಿ ಹಳದಿಗೆ ತಿರುಗಬೇಕು. ತೂಕ ಎಲ್ಲ ಮಕ್ಕಳದ್ದೂ ಸ್ವಲ್ಪ ಇಳಿಯುತ್ತೆ, ಹತ್ತು ದಿನದಿಂದ ಎರಡು ವಾರದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕು. ನೂರಕ್ಕೆ ಹತ್ತರ ಹತ್ತಿರ ಇಳಿದರೆ ಸುಮ್ಮನಿರಬಾರದು, ಡಾಕ್ಟರಿಗೆ ತೋರಿಸಬೇಕು.

ಕಿರಿಯಾಕೆ: ನನ್ನ ಮಗುದೂ ಎರಡನೇ ದಿನ ತೂಕ ಇಳಿದಿತ್ತು. ಅದನ್ನ ತೋರಿಸೇ ಬಾಟಲಿ ಮುಂದುವರಿಸಿ ಅಂದಿದ್ದು.

ಹಿರಿಯಾಕೆ: ಅಲ್ಲೊಂದು ಸೂಕ್ಷ್ಮ ಇದೆ. ಆಪರೇಷನ್ ಹೊತ್ತಲ್ಲಿ ತಾಯಿಗೆ ಬಾಟಲಿಗಟ್ಟಲೆ ಡ್ರಿಪ್ ಏರಿಸ್ತಾರೆ. ಅದರಲ್ಲಿ ಸ್ವಲ್ಪ ಮಗುವಿನ ಮೈಗೂ ಸೇರಿ ಹುಟ್ಟಿದಾಗಿನ ತೂಕ ಜಾಸ್ತಿ ತೋರಿಸುತ್ತೆ. ಮೊದಲ ದಿನ ಆ ನೀರೆಲ್ಲ ಮೂತ್ರದಲ್ಲಿ ಹೋದಾಗ ತೂಕ ಇಳಿದ ಹಾಗೆ ಕಾಣುತ್ತೆ. ಎಲ್ಲ ಇಳಿತವೂ ಅದೇ ಅಂತ ನಾನು ಹೇಳ್ತಿಲ್ಲ. ಆದರೆ ತೂಕದ ಚೀಟಿ ಒಂದನ್ನೇ ನೋಡಿ ಬಾಟಲಿ ಕೊಡಬಾರದು. ಮಗು ಹೇಗೆ ಚೀಪುತ್ತೆ, ಎಷ್ಟು ಸಲ ಬಟ್ಟೆ ಒದ್ದೆಯಾಗಿದೆ, ಅದನ್ನೂ ನೋಡಬೇಕು. ಆ ಡ್ರಿಪ್ ನೀರಿಂದ ತಾಯಿಯ ಎದೆಯೂ ಊದಿಕೊಳ್ಳುತ್ತೆ. ಎದೆ ತುದಿ ಊದಿಕೊಂಡು ಗಟ್ಟಿಯಾದರೆ ಮಗು ಬಾಯಿಗೆ ಸಿಗಲ್ಲ, ಜಾರುತ್ತೆ. ಕರಿ ಭಾಗವನ್ನ ಬೆರಳ ತುದಿಯಿಂದ ಹಿಂದಕ್ಕೆ ಮೆತ್ತಗೆ ಒತ್ತಿ ಸ್ವಲ್ಪ ಹೊತ್ತು ಹಿಡಿದರೆ ನೀರು ಹಿಂದೆ ಸರಿದು ಮೆದುವಾಗುತ್ತೆ. ಆಮೇಲೆ ಹಿಡಿಸಬೇಕು.

ಕಿರಿಯಾಕೆ: ಒಂದು ಸಲ ಬಾಟಲಿ ಕೊಟ್ಟರೆ ಹಾಲೇ ನಿಂತುಹೋಗುತ್ತೆ ಅಂತ ಹೆದರಿಸ್ತಾರಲ್ಲ, ಅದು ನಿಜವಾ?

ಹಿರಿಯಾಕೆ: ಒಂದು ಸಲಕ್ಕೆ ನಿಲ್ಲಲ್ಲ. ಆದರೆ ಬಾಟಲಿ ಕುಡಿದ ಮಗು ಮೂರು ಗಂಟೆ ಮಲಗುತ್ತೆ, ಆ ಮೂರು ಗಂಟೆ ನಿನ್ನ ಎದೆಯನ್ನ ಯಾರೂ ಕೇಳಲ್ಲ. ಕೇಳದೆ ಹೋದರೆ ಎದೆ ಮಾಡಲ್ಲ. ಮರುದಿನ ಹಾಲು ಕಡಿಮೆ, ಅದಕ್ಕೇ ಇನ್ನೊಂದು ಬಾಟಲಿ. ನಿನಗೂ ಹೀಗೇ ಆಗಿದ್ದು. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಎದೆ ಖಾಲಿಯಾಗಬೇಕು. ಮಗು ಚೀಪಲಿ, ಇಲ್ಲ ಕೈಯಲ್ಲಿ ತೆಗಿ.

ಕಿರಿಯಾಕೆ: ಕೈಯಲ್ಲಿ ತೆಗೆಯೋದು ಅಂತ ಎಲ್ಲರೂ ಬಾಯಲ್ಲಿ ಹೇಳ್ತಾರೆ. ತೋರಿಸಿಕೊಟ್ಟವರು ಒಬ್ಬರೂ ಇಲ್ಲ.

ಹಿರಿಯಾಕೆ: ತಾ ಇಲ್ಲಿ ಕೈ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ. ತೊಟ್ಟು ಹಿಡಿಯಬಾರದು, ಕರಿ ಭಾಗದ ಅಂಚಿನಲ್ಲಿ ಹಿಡಿ. ಮೊದಲು ಎದೆಗೂಡಿನ ಕಡೆಗೆ ಒಳಕ್ಕೆ ಒತ್ತು, ಆಮೇಲೆ ಎರಡು ಬೆರಳನ್ನೂ ಒಂದಕ್ಕೊಂದು ಹತ್ತಿರ ತಾ, ಬಿಡು. ಚರ್ಮದ ಮೇಲೆ ಜಾರಿಸಬೇಡ, ಹಿಂಡಬೇಡ. ಒತ್ತು, ಹಿಡಿ, ಬಿಡು. ಮೊದಲ ಒಂದೆರಡು ನಿಮಿಷ ಏನೂ ಕಾಣಲ್ಲ. ಆಮೇಲೆ ತೊಟ್ಟಿನ ತುದಿಯಲ್ಲಿ ಹಳದಿ ಹನಿ ನಿಲ್ಲುತ್ತೆ. ಚಮಚ ಕೆಳಗೆ ಹಿಡಿ. ಆಪರೇಷನ್ ಆದ ಮೊದಲ ಗಂಟೆಗಳಲ್ಲೇ ಶುರು ಮಾಡಿದರೆ ಇನ್ನೂ ಒಳ್ಳೇದು. ನಿನ್ನ ಕೈಗೆ ಡ್ರಿಪ್ ಇದ್ದರೆ ನಾನು ತೆಗೀತೀನಿ. ಒಳಲೆ ಬಿಸಿನೀರಲ್ಲಿ ಕುದಿಸಿ ಇಟ್ಟುಕೊಂಡಿರ್ತೀನಿ, ಅದರಲ್ಲಿ ಕುಡಿಸೋಣ. ಒಳಲೆಯಲ್ಲಿ ಕೊಟ್ಟ ಮಗು ಬಾಟಲಿ ತೊಟ್ಟಿಗೆ ಒಗ್ಗಿಹೋಗೋ ಭಯ ಇಲ್ಲ.

ಕಿರಿಯಾಕೆ: ಹಿಡಿಯೋದು ಹೇಗೆ ಅಂತಲೂ ಹೇಳಿ. ಹೋದ ಸಲ ಅಲ್ಲೇ ಸೋತಿದ್ದು.

ಹಿರಿಯಾಕೆ: ಮೊದಲ ದಿನ ಕೂರೋ ಶಾಸ್ತ್ರವೇ ಬೇಡ. ಮಗ್ಗುಲಿಗೆ ಮಲಗು, ಬೆನ್ನಿಗೊಂದು ದಿಂಬು, ಮಂಡಿ ನಡುವೆ ಒಂದು. ಮಗುನೂ ನಿನ್ನ ಕಡೆ ಮುಖ ಮಾಡಿ ಮಗ್ಗುಲಿಗೆ, ಹೊಟ್ಟೆಗೆ ಹೊಟ್ಟೆ ತಾಗಬೇಕು. ಕೂರೋ ಹಾಗಾದ ಮೇಲೆ ಮಗುನ ಕಂಕುಳ ಕೆಳಗೆ ಹಿಡಿ, ಕಾಲು ನಿನ್ನ ಬೆನ್ನ ಕಡೆಗೆ ಹೋಗಲಿ. ಹೊಲಿಗೆಗೆ ತಾಗೋ ಪ್ರಶ್ನೆಯೇ ಬರಲ್ಲ. ಮಡಿಲಲ್ಲಿ ಮಲಗಿಸಿಕೊಂಡು ಕುಡಿಸೋದು ಚಿತ್ರದಲ್ಲಿ ಚೆಂದ, ಹೊಸ ಹೊಲಿಗೆಗೆ ಅಲ್ಲ.

ಕಿರಿಯಾಕೆ: ಇದು ಆಸ್ಪತ್ರೆಯ ಮಾತಾಯ್ತು. ಮನೆಗೆ ಬಂದ ಮೇಲೆ? ಅಮ್ಮನ ಬಾಣಂತನದ ಬಗ್ಗೆ ದೂರೋಕೆ ನನಗೆ ಮನಸ್ಸಿಲ್ಲ, ಅಷ್ಟು ಮಾಡಿದಾಳೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ. ಆದರೆ ನೀರು ಕೇಳಿದರೆ ಅರ್ಧ ಲೋಟ. ಹೊಟ್ಟೆ ದಪ್ಪ ಆಗುತ್ತೆ, ಹೊಲಿಗೆ ಕೀವಾಗುತ್ತೆ ಅಂತ. ಬೇಳೆ ಇಲ್ಲ, ಹಣ್ಣಿಲ್ಲ. ಬಾಯಿ ಒಣಗಿ ರಾತ್ರಿ ಎದ್ದು ಕದ್ದು ನೀರು ಕುಡಿದಿದೀನಿ.

ಹಿರಿಯಾಕೆ: ಅಕ್ಕನ ಹತ್ತಿರ ನಾನು ಮಾತಾಡ್ತೀನಿ. ಬಾಣಂತಿಗೆ ಬಾಯಾರಿದಷ್ಟೂ ನೀರು ಕೊಡಬೇಕು. ಬೇಳೆ ತಿಂದರೆ ಕೀವಾಗಲ್ಲ, ಗಾಯ ಮಾಯೋಕೆ ಅದೇ ಬೇಕು. ಸಬ್ಬಸಿಗೆ, ಮೆಂತ್ಯ ತಿನ್ನು, ಬೇಡ ಅನ್ನಲ್ಲ, ಆದರೆ ಅದರಿಂದ ಹಾಲು ಉಕ್ಕುತ್ತೆ ಅಂತ ಕಾಯಬೇಡ. ಬಾಣಂತನದಲ್ಲಿ ಒಂದು ದೊಡ್ಡ ಗುಣ ಇತ್ತು, ಅದನ್ನ ನಾವು ಬಿಟ್ಟು ಬರೀ ಪಥ್ಯ ಹಿಡಿದುಕೊಂಡೆವು. ತಾಯಿ ಮಗು ಒಂದೇ ಕೋಣೆಯಲ್ಲಿ, ಹೊರಗಿನವರು ಬರೋ ಹಾಗಿಲ್ಲ, ತಾಯಿಗೆ ಮನೆಗೆಲಸ ಇಲ್ಲ. ಹಾಲು ಕೂಡಿಬರೋಕೆ ಅದಕ್ಕಿಂತ ಒಳ್ಳೇದು ಏನಿದೆ? ಈಗ ನೋಡಿದರೆ ಆಪರೇಷನ್ ಆದ ಸಾಯಂಕಾಲವೇ ಹತ್ತು ಜನ, ಎಲ್ಲರ ಕೈಯಲ್ಲೂ ಫೋನು.

ಕಿರಿಯಾಕೆ: ಮನೆಗೆ ಬಂದ ಮೇಲೆ ನೋಡೋಕೆ ಆಶಾ ಕಾರ್ಯಕರ್ತೆಯರು ಬರ್ತಾರಲ್ಲ, ನಮ್ಮ ಕಡೆ ಯಾರೂ ಬರಲಿಲ್ಲ.

ಹಿರಿಯಾಕೆ: ಹಳ್ಳಿಗಳಲ್ಲಿ ಬರ್ತಾರೆ. ಆಸ್ಪತ್ರೆಯಲ್ಲಿ ಹೆತ್ತವರಿಗೆ 3, 7, 14, 21, 28, 42ನೇ ದಿನ ಮನೆಗೆ ಹೋಗಬೇಕು ಅಂತ ನಿಯಮ. ಸಿಸೇರಿಯನ್ ಆದವರು ಮೂರನೇ ದಿನ ಇನ್ನೂ ಆಸ್ಪತ್ರೆಯಲ್ಲೇ ಇರ್ತಾರೆ, ಆದ್ದರಿಂದ ಅವರ ಭೇಟಿ ಏಳನೇ ದಿನದಿಂದ ಶುರು. ಹಾಲು ಇಳಿಯೋ, ಎದೆ ಗಟ್ಟಿ ಕಟ್ಟೋ, ಮಗು ರಾತ್ರಿಯಿಡೀ ಎದೆ ಬಿಡದೆ ಇರೋ ದಿನಗಳೆಲ್ಲ ಅಷ್ಟರಲ್ಲಿ ಕಳೆದಿರುತ್ತೆ. ಆ ದಿನಗಳಲ್ಲಿ ಆಸ್ಪತ್ರೆಯೇ ನೋಡಿಕೊಳ್ಳಬೇಕು.

ಕಿರಿಯಾಕೆ: ಆಸ್ಪತ್ರೆ ನೋಡಲಿಲ್ಲ ಅಂದರೆ ಅಮ್ಮ, ಅಮ್ಮನಿಗೆ ಆಗದೆ ಇದ್ದರೆ ಚಿಕ್ಕಮ್ಮ. ಚಿಕ್ಕಮ್ಮ ನರ್ಸ್ ಆಗಿರೋದು ನನ್ನ ಅದೃಷ್ಟ. ಎಲ್ಲರಿಗೂ ಇರ್ತಾರಾ?

ಹಿರಿಯಾಕೆ: ಇರಲ್ಲ. ಅದಕ್ಕೇ ಹೊಟ್ಟೆ ಉರಿಯೋದು. ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲೇ ಎದೆಹಾಲಿನ ಬ್ಯಾಂಕ್ ಮಾಡಿದರು, ಏಷ್ಯಾದಲ್ಲೇ ಮೊದಲು. ಹೆಚ್ಚು ಹಾಲಿರೋ ತಾಯಂದಿರು ಕೊಟ್ಟಿದ್ದನ್ನ ಪಾಶ್ಚರೀಕರಿಸಿ, ತೂಕ ಕಡಿಮೆ ಇರೋ, ತಾಯಿಹಾಲು ಸಿಗದ ಕೂಸುಗಳಿಗೆ ಕೊಡ್ತಾರೆ. ಬೆಂಗಳೂರಿನ ವಾಣಿವಿಲಾಸದಲ್ಲೂ ಈಗ ಇದೆ. ಹಾಲು ಸಾಲದ ಮಗುವಿಗೆ ಡಬ್ಬವೇ ಮೊದಲ ಉತ್ತರ ಆಗಬೇಕಿಲ್ಲ ಅಂತ ಅವರು ಮಾಡಿ ತೋರಿಸಿದಾರೆ. ತಾಲ್ಲೂಕು ಆಸ್ಪತ್ರೆಗೆ ಅದು ಬರೋದು ಯಾವಾಗಲೋ.

ಕಿರಿಯಾಕೆ: ಅದು ಬರೋ ತನಕ ನನ್ನಂಥವಳಿಗೆ ಡಬ್ಬ ಬೇಕು. ಕೇಳಿ ಚಿಕ್ಕಮ್ಮ. ನೀವು ಹೇಳಿದ್ದೆಲ್ಲ ಮಾಡ್ತೀನಿ. ಚಮಚ, ಒಳಲೆ, ಮಗ್ಗುಲು, ಮಾತ್ರೆ, ಎಲ್ಲ. ಅಷ್ಟಾದ ಮೇಲೂ ಸಾಲದೆ ಹೋಗಬಹುದು ಅಲ್ಲವಾ?

ಹಿರಿಯಾಕೆ: ಹೋಗಬಹುದು. ಕೆಲವರಿಗೆ ಸಾಲಲ್ಲ. ಸಕ್ಕರೆ ಕಾಯಿಲೆ ಇರೋ ತಾಯಿಯ ಮಗು, ತೀರಾ ಚಿಕ್ಕ ಮಗು ಆದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತೆ, ಅಂಥವಕ್ಕೆ ಕಾಯೋಕೂ ಆಗಲ್ಲ. ಡಾಕ್ಟರು ನೋಡಿ ಕೊಡಿ ಅಂದರೆ ಕೊಡೋಣ. ಮೊದಲು ನೀನು ತೆಗೆದ ಹಾಲು, ಅದು ಸಾಲದಿದ್ದರೆ ಪುಡಿ ಹಾಲು, ಅಳತೆಯಲ್ಲಿ, ಒಳಲೆಯಲ್ಲಿ. ಪ್ರತಿ ಸಲವೂ ಎದೆಗೆ ಹಾಕಿದ ಮೇಲೆ.

ಕಿರಿಯಾಕೆ: ಡಾಕ್ಟರು ಏನೂ ಹೇಳದೆ, ಮಗುನೂ ಚೆನ್ನಾಗಿದ್ದು, ನನಗೇ ಸಾಕಾಯ್ತು ಅಂದರೆ? ಹೋದ ಸಲ ಎರಡನೇ ರಾತ್ರಿ ಗಂಟೆಗೊಂದು ಸಲ ಎದ್ದು, ಹೊಲಿಗೆ ಹಿಡಿದುಕೊಂಡು, ಬಾತ್‌ರೂಮಿಗೆ ಹೋಗೋದಕ್ಕೂ ಅಳು ಬರ್ತಿತ್ತು. ಆವಾಗ ಯಾರಾದರೂ ಮಗುನ ತಗೊಂಡು ‘ನೀನು ಮಲಗು’ ಅಂದಿದ್ದರೆ ಕಾಲಿಗೆ ಬೀಳ್ತಿದ್ದೆ.

ಹಿರಿಯಾಕೆ: ಈ ಸಲ ಅನ್ನೋಕೆ ನಾನಿರ್ತೀನಿ. ಕುಡಿಸಿ ಆದ ಮೇಲೆ ಮಗು ನನ್ನ ಹತ್ತಿರ, ನೀನು ಮಲಗು. ತೇಗಿಸೋದು, ಬಟ್ಟೆ ಬದಲಾಯಿಸೋದು, ನಿನ್ನ ಗಂಡನಿಗೂ ಕಲಿಸ್ತೀನಿ.

ಕಿರಿಯಾಕೆ: ಮಲಗಿ ಎದ್ದ ಮೇಲೂ ಸಾಕು ಅನ್ನಿಸಿದರೆ?

ಹಿರಿಯಾಕೆ: ಆವಾಗ ಇನ್ನೊಂದು ಸಲ ಪ್ರಯತ್ನ ಮಾಡು ಅಂತೀನಿ. ಹಾಲು ನಿಂತುಹೋದ ಮೇಲೆ ಮತ್ತೆ ತರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಹೇಳದೆ ಇರೋಕೆ ಆಗಲ್ಲ.

ಕಿರಿಯಾಕೆ: ಒಂದು ಸಲ ಹೇಳಿ, ಕೇಳ್ತೀನಿ. ಎರಡನೇ ಸಲ ಹೇಳಬೇಡಿ. ಆಮೇಲೆ ಅದು ನನ್ನ ತೀರ್ಮಾನ.

ಹಿರಿಯಾಕೆ: ಮಗುದೂ ಅದರಲ್ಲಿ ಒಂದು ಪಾಲಿದೆ ಕಣೇ.

ಕಿರಿಯಾಕೆ: ಇದೆ. ಮಗುವಿನ ಪಾಲನ್ನ ಕೇಳೋಕೆ ಎಲ್ಲರೂ ಇದ್ದಾರೆ, ನೀವೂ ಇದ್ದೀರ. ನನ್ನ ಪಾಲನ್ನ ನಾನೇ ಕೇಳಬೇಕು. ಡಬ್ಬ ಬ್ಯಾಗಲ್ಲಿ ಇರುತ್ತೆ.

ಹಿರಿಯಾಕೆ: ತಳದಲ್ಲಿಡು. ಮೇಲೆ ಚಮಚ, ಒಳಲೆ ಇರಲಿ. ಮುಂದಿನ ಚೆಕಪ್ ಯಾವತ್ತು? ನಾನೂ ಬರ್ತೀನಿ. ಥಿಯೇಟರಲ್ಲೇ ಮಗುನ ಎದೆ ಮೇಲೆ ಹಾಕ್ತಾರಾ, ನರ್ಸರಿಗೆ ಒಯ್ಯದೆ ನಿನ್ನ ಪಕ್ಕದಲ್ಲೇ ಬಿಡ್ತಾರಾ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಸಿಸ್ಟರ್ ಇರ್ತಾರೆ, ಇದನ್ನೆಲ್ಲ ಆಪರೇಷನ್ ದಿನ ಕೇಳೋಕೆ ಆಗಲ್ಲ.